ಪಾರ್ಕ್‌ನಲ್ಲಿ ಫೋನ್ ಹೋದರೆ ಮೊದಲು ಗ್ರೂಪ್‌ಗೆ ಹಾಕಬೇಡಿ

ಇದು ನಡೆದದ್ದು ದಾವಣಗೆರೆ ಹೊರವಲಯದ ಒಂದು ಬಡಾವಣೆಯ ಪಾರ್ಕ್‌ನಲ್ಲಿ. ಪಾರ್ಕ್ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ಮೊದಲು ನಾನು ಕುಂದುವಾಡ ಕೆರೆ ಕಡೆ ವಾಕಿಂಗ್ ಹೋಗುತ್ತಿದ್ದೆ. ಅತ್ತೆಗೆ ಮಂಡಿನೋವು ಶುರುವಾದ ಮೇಲೆ ಇಬ್ಬರೂ ಮನೆ ಹತ್ತಿರದ ಪಾರ್ಕ್‌ಗೇ ಹೋಗತೊಡಗಿದೆವು. ಅವತ್ತು ಸಂಜೆ ಏಳೂಕಾಲು ಇರಬೇಕು. ಓಪನ್ ಜಿಮ್ ಹತ್ತಿರ ಎರಡು ದೀಪ ಕೆಟ್ಟು ವಾರಗಳೇ ಆಗಿದ್ದವು. ಹದಿನಾರು ಹದಿನೇಳರ ಇಬ್ಬರು ಹುಡುಗರು ಬಂದರು. "ಆಂಟಿ, ಪೆಟ್ರೋಲ್ ಖಾಲಿ ಆಗೇತಿ, ಅಣ್ಣಂಗೆ ಒಂದು ಕಾಲ್ ಮಾಡ್ತೀನಿ" ಅಂದರು. ಪಾಪ ಅನ್ನಿಸಿತು. ಲಾಕ್ ತೆಗೆದು ಕೊಟ್ಟೆ. ಮಾತಾಡುತ್ತಾ ಮಾತಾಡುತ್ತಾ ಗೇಟ್ ಕಡೆ ನಡೆದರು. ಹೊರಗೆ ಮೂರನೆಯವನು ಬೈಕ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದ. ಅಷ್ಟೇ. ಅತ್ತೆಯನ್ನು ಕತ್ತಲಲ್ಲಿ ಬಿಟ್ಟು ಓಡುವ ಹಾಗೂ ಇರಲಿಲ್ಲ.

ಫೋನ್ ಹೋದದ್ದು ಸಣ್ಣ ವಿಷಯ. ಆಮೇಲೆ ನಾನು ಮಾಡಿದ್ದು ದೊಡ್ಡ ತಪ್ಪು.

ಮನೆಗೆ ಬಂದವಳೇ ಯಜಮಾನರ ಫೋನ್‌ನಿಂದ ಬಡಾವಣೆಯ ವಾಟ್ಸಾಪ್ ಗ್ರೂಪ್‌ಗೆ ವಾಯ್ಸ್ ಮೆಸೇಜ್ ಹಾಕಿದೆ. "ಪಾರ್ಕ್ ಹಿಂದಿನ ಓಣಿ ಹುಡುಗರೇ ಇರಬೇಕು" ಅಂದೆ. ನನಗೆ ಅದು ಹೇಗೆ ಗೊತ್ತು? ಗೊತ್ತೇ ಇರಲಿಲ್ಲ. ಆ ಓಣಿಯ ಮಕ್ಕಳಿಗೆ ಬೇರೆ ಮೈದಾನ ಇಲ್ಲ, ಪಾರ್ಕ್‌ನಲ್ಲೇ ಕ್ರಿಕೆಟ್ ಆಡುತ್ತಾರೆ. ಚೆಂಡು ತಾಗುತ್ತದೆ ಅಂತ ನಮ್ಮ ಕಡೆಯವರು ಬೈಯುತ್ತಾರೆ, ಗೇಟಿಗೆ ಬೀಗ ಹಾಕಿಸುತ್ತಾರೆ. ತಿಂಗಳುಗಟ್ಟಲೆ ಹೊಗೆಯಾಡುತ್ತಿದ್ದ ಜಗಳ ಅದು. ಆ ಸಿಟ್ಟೇ ನನ್ನ ಬಾಯಲ್ಲಿ ಬಂತು.

ಹತ್ತು ನಿಮಿಷದಲ್ಲಿ ನಾಲ್ಕೈದು ಜನ ಗಂಡಸರು ಪಾರ್ಕ್‌ಗೆ ನುಗ್ಗಿದರು. ಕಪ್ಪು ಟೀ ಶರ್ಟ್ ಹಾಕಿದ್ದ ಒಬ್ಬ ಹುಡುಗನನ್ನು ಹಿಡಿದು ಹೊಡೆದರು, ಫೋಟೋ ತೆಗೆದು ಗ್ರೂಪ್‌ಗೆ ಹಾಕಿದರು. ಫೋಟೋ ನೋಡಿ ನನ್ನ ಎದೆ ಧಸಕ್ಕೆಂದಿತು. ಬೆಳಗ್ಗೆ ನಮ್ಮ ಬೀದಿಗೆ ಪೇಪರ್ ಹಾಕುವ ಹುಡುಗ ಅವನು. ಪಿಯುಸಿ ಓದುತ್ತಾನೆ. ಅವನ ತಾಯಿ ನಮ್ಮ ಗೇಟ್ ಹತ್ತಿರ ಬಂದು ಒಂದೇ ಮಾತು ಕೇಳಿದರು: "ನನ್ನ ಮಗನ್ನ ನೀವು ಕಣ್ಣಾರೆ ನೋಡಿದ್ರೇನ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಎರಡೂ ಕಡೆಯವರು ಜಮಾಯಿಸಿದರು. ಪೊಲೀಸ್ ಜೀಪ್ ಬರದಿದ್ದರೆ ಏನಾಗುತ್ತಿತ್ತೋ.

ದಯವಿಟ್ಟು ನನ್ನ ಹಾಗೆ ಮಾಡಬೇಡಿ. ಯಾರಾದರೂ ಕಾಲ್ ಮಾಡಬೇಕು ಅಂದರೆ ನಂಬರ್ ಕೇಳಿ, ನೀವೇ ಡಯಲ್ ಮಾಡಿ ಸ್ಪೀಕರ್‌ನಲ್ಲಿಡಿ. ಫೋನ್ ಕೈಬಿಟ್ಟು ಹೋಯಿತೋ, ಮೊದಲು 112ಕ್ಕೆ ಕರೆ ಮಾಡಿ. ಆಮೇಲೆ ಸಿಮ್ ಬ್ಲಾಕ್ ಮಾಡಿಸಿ, ಓಟಿಪಿ ಎಲ್ಲ ಅದಕ್ಕೇ ಬರುತ್ತದಲ್ವಾ. ಖಾತೆಯಿಂದ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಹೇಳಿ. ಠಾಣೆಯಲ್ಲಿ ದೂರು ಕೊಟ್ಟು, ಆ ಪ್ರತಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ಫೋನನ್ನೇ ಬ್ಲಾಕ್ ಮಾಡಿಸಬಹುದು. ಅದಕ್ಕೆ ಐಎಂಇಐ, ಅಂದರೆ ಆ ಫೋನಿಗೇ ಇರುವ ಗುರುತಿನ ನಂಬರ್ ಬೇಕು. ಈಗಲೇ *#06# ಒತ್ತಿ ನೋಡಿ, 15 ಅಂಕಿ ಬರುತ್ತವೆ, ಒಂದು ಚೀಟಿಯಲ್ಲಿ ಬರೆದಿಡಿ. ನನ್ನ ಹತ್ತಿರ ಆ ನಂಬರ್ ಇದ್ದ ಫೋನಿನ ಡಬ್ಬಿ ಇದ್ದದ್ದರಿಂದ ಬಚಾವಾದೆ.

ಫೋಟೋ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕಳ್ಳತನ ಮಾಡಿದವನೇ ಆಗಿರಲಿ, 18 ತುಂಬದ ಹುಡುಗನ ಫೋಟೋ, ಹೆಸರು ಹರಡುವ ಹಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಇನ್ನು ಏನೂ ಮಾಡದ ಹುಡುಗನ ಫೋಟೋ ಹಾಕಿದರೆ ಏನು ಹೇಳುವುದು?

ಅವರ ಮನೆಗೆ ಹೋಗಿ ತಪ್ಪಾಯಿತು ಅಂತ ಕೇಳಿಕೊಂಡೆ. ಗ್ರೂಪ್‌ನಲ್ಲೂ ಹೇಳಿದೆ. ಹುಡುಗ ಈಗಲೂ ಪೇಪರ್ ಹಾಕುತ್ತಾನೆ, ಆದರೆ ತಲೆ ಎತ್ತಿ ನೋಡುವುದಿಲ್ಲ. ನಮ್ಮ ಬಡಾವಣೆಯವರು ಇದನ್ನು ಓದುತ್ತಿದ್ದರೆ, ಆ ಫೋಟೋ ಇನ್ನೂ ನಿಮ್ಮ ಫೋನ್‌ನಲ್ಲಿದ್ದರೆ, ಇವತ್ತೇ ಅಳಿಸಿ.