ಬ್ಯಾಟರಿ ದೊಡ್ಡದಿರಲಿ, ಚಾರ್ಜಿಂಗ್ ಸಾಧಾರಣವಿದ್ದರೂ ಸರಿ: ನೆಕ್ಸಾನ್ ಇವಿ ಮ್ಯಾಕ್ಸ್ ಬಳಕೆದಾರರ ವಿಮರ್ಶೆ

ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರೆಲ್ಲ ಕೇಳುವ ಪ್ರಶ್ನೆ ಒಂದೇ: ದೊಡ್ಡ ಬ್ಯಾಟರಿ ನೋಡಬೇಕೋ, ಬೇಗ ಚಾರ್ಜ್ ಆಗುವುದನ್ನು ನೋಡಬೇಕೋ? 2022ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಕಂಪನಿಯ ಎಲೆಕ್ಟ್ರಿಕ್ ಕಾರು ನೆಕ್ಸಾನ್ ಇವಿ ಮ್ಯಾಕ್ಸ್ ಅನ್ನು ಬೆಂಗಳೂರು–ಮಂಗಳೂರು ದಾರಿಯಲ್ಲಿ ಮಳೆ, ಬಿಸಿಲೆನ್ನದೆ ಓಡಿಸಿದ ಮೇಲೆ ನನ್ನ ಉತ್ತರ ಗಟ್ಟಿಯಾಗಿದೆ. ನಮ್ಮ ಹೆದ್ದಾರಿಗಳ ಇಂದಿನ ಸ್ಥಿತಿಯಲ್ಲಿ ಬ್ಯಾಟರಿಗೇ ಹಣ ಹಾಕಿ.

ಇದರ ಬ್ಯಾಟರಿ 40.5 ಕಿಲೋವ್ಯಾಟ್ ಅವರ್. ಕರೆಂಟ್ ಬಿಲ್ಲಿನ ಭಾಷೆಯಲ್ಲಿ 40 ಯೂನಿಟ್ ಚಿಲ್ಲರೆ. 2020ರ ಮೊದಲ ನೆಕ್ಸಾನ್ ಇವಿಯಲ್ಲಿ ಇದ್ದದ್ದು 30.2. ಮ್ಯಾಕ್ಸ್ ಪೂರ್ತಿ ಚಾರ್ಜ್‌ಗೆ 437 ಕಿ.ಮೀ. ಓಡುತ್ತದೆ ಎಂದು ಪ್ರಮಾಣಪತ್ರದಲ್ಲಿದೆ. ಹೆದ್ದಾರಿಯಲ್ಲಿ 90ರ ವೇಗದಲ್ಲಿ ಎ.ಸಿ. ಹಾಕಿಕೊಂಡು ಹೋದರೆ ನನಗೆ ಯೂನಿಟ್‌ಗೆ ಆರೂವರೆ ಕಿ.ಮೀ. ಸಿಗುತ್ತದೆ, ಅಂದರೆ ಒಟ್ಟು 260ರ ಹತ್ತಿರ.

ಈ ಹತ್ತು ಯೂನಿಟ್ ವ್ಯತ್ಯಾಸದ ಬೆಲೆ ತಿಳಿಯುವುದು ಶಿರಾಡಿ ಘಾಟಿಯಲ್ಲಿ. ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಏರಬೇಕು. ಜನ, ಸಾಮಾನು ತುಂಬಿದ ಕಾರನ್ನು ಅಷ್ಟು ಎತ್ತರಕ್ಕೆ ಒಯ್ಯಲು ರಸ್ತೆಯ ಖರ್ಚಿನ ಮೇಲೆ ನಾಲ್ಕು ಯೂನಿಟ್ ಹೆಚ್ಚುವರಿಯಾಗಿ ಬೇಕು. ಮಂಗಳೂರಿನಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟರೆ ಘಾಟಿ ಹತ್ತಿದ ಮೇಲೂ ಶೇ 40 ಉಳಿದಿರುತ್ತದೆ. ಹಾಸನದವರೆಗೆ ನೆಮ್ಮದಿಯಿಂದ ಬಂದು, ಊಟಕ್ಕೆ ನಿಲ್ಲಿಸಿದಾಗ ಚಾರ್ಜ್ ಮಾಡಿಕೊಂಡು, ಅಲ್ಲಿಂದ ನೇರವಾಗಿ ಬೆಂಗಳೂರಿಗೆ ಬರಬಹುದು. 30 ಯೂನಿಟ್‌ನ ಕಾರಾದರೆ ಸಕಲೇಶಪುರದಲ್ಲೇ ಶೇ 20ಕ್ಕೆ ಇಳಿದಿರುತ್ತದೆ. ಅಲ್ಲಿ ತುಂಬಿಸಿಕೊಂಡರೂ ಉಳಿದ 220 ಕಿ.ಮೀ.ಗೆ ಸಾಲದು, ದಾರಿಯಲ್ಲಿ ಇನ್ನೊಮ್ಮೆ ನಿಲ್ಲಲೇಬೇಕು. ಮಕ್ಕಳು, ವಯಸ್ಸಾದವರು ಜೊತೆಗಿದ್ದಾಗ ಆ ಒಂದು ನಿಲುಗಡೆ ತಪ್ಪುವುದು ಸಣ್ಣ ಮಾತಲ್ಲ. ಇಳಿಯುವಾಗ ರೀಜನರೇಟಿವ್ ಬ್ರೇಕಿಂಗ್‌ನಿಂದ (ವೇಗ ತಗ್ಗಿಸುವಾಗ ಮೋಟಾರೇ ವಿದ್ಯುತ್ ಹುಟ್ಟಿಸುವುದು) ಒಂದಿಷ್ಟು ಯೂನಿಟ್ ಮರಳಿ ಬರುತ್ತದೆ, ಆದರೆ ಹತ್ತಲು ಕೊಟ್ಟದ್ದೆಲ್ಲ ಬರುವುದಿಲ್ಲ.

ಹಾಗಾದರೆ ಚಾರ್ಜಿಂಗ್ ವೇಗ? 50 ಕಿಲೋವ್ಯಾಟ್, ಅಂದರೆ ಗಂಟೆಗೆ 50 ಯೂನಿಟ್ ಕೊಡಬಲ್ಲ ಯಂತ್ರದಲ್ಲಿ 56 ನಿಮಿಷಕ್ಕೆ ಶೇ 80 ಎಂಬುದು ಕಂಪನಿಯ ಮಾತು. ಯಂತ್ರ ಅಷ್ಟು ಕೊಟ್ಟರೆ ಕಾರು ತೆಗೆದುಕೊಳ್ಳುತ್ತದೆ. ತೊಡಕು ಯಂತ್ರದ್ದು. ಹೋಟೆಲ್ ಅಂಗಳದಲ್ಲಿ ಎರಡು ಗನ್ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಪ್ಲಗ್) ಇರುವ 60 ಕಿಲೋವ್ಯಾಟ್ ಯಂತ್ರದ ಪರದೆಯ ಮೇಲೆ 46, 47 ಎಂದು ಓಡುತ್ತಿದ್ದ ಅಂಕಿ, ಪಕ್ಕದ ಗನ್ನಿಗೆ ಇನ್ನೊಂದು ಕಾರು ಸೇರಿದ ಕ್ಷಣವೇ 30ಕ್ಕಿಂತ ಕೆಳಗಿಳಿಯುತ್ತದೆ. ಅಲ್ಲಿ 150 ಕಿಲೋವ್ಯಾಟ್ ನುಂಗಬಲ್ಲ ದುಬಾರಿ ಕಾರು ನಿಂತಿದ್ದರೂ ಸಿಗುವುದು ಅಷ್ಟೇ. ಇನ್ನು ಯಂತ್ರ ಕೆಟ್ಟಿದ್ದರೆ ಯಾವ ವೇಗವೂ ಇಲ್ಲ. ಬ್ಯಾಟರಿಯಲ್ಲಿ ಉಳಿದದ್ದು ಮಾತ್ರ ಮುಂದಿನ ಊರಿಗೆ ಮುಟ್ಟಿಸುತ್ತದೆ.

ಶೇ 80 ದಾಟಿದ ಮೇಲೆ ಕಾಯುವುದು ಸಮಯದ ನಷ್ಟ. ತುಂಬುತ್ತಿರುವ ಬಸ್ಸಿನಲ್ಲಿ ಕೊನೆಗೆ ಹತ್ತಿದವರು ಸೀಟು ಹುಡುಕುತ್ತ ಹೋಗುವಂತೆ, ಬ್ಯಾಟರಿಯೊಳಗೆ ಚಾರ್ಜ್ ಹೊತ್ತು ಓಡಾಡುವ ಲಿಥಿಯಂ ಅಯಾನುಗಳಿಗೂ ಕೊನೆಕೊನೆಗೆ ಜಾಗ ಸಿಗುವುದು ನಿಧಾನ. ಒತ್ತಾಯಿಸಿದರೆ ಲೋಹವಾಗಿ ಹೊರಗೇ ಅಂಟಿಕೊಂಡು ಸೆಲ್ ಕೆಡುತ್ತದೆ. ಅದಕ್ಕೇ ಕಾರು ತಾನಾಗಿ ವೇಗ ತಗ್ಗಿಸುತ್ತದೆ. ಸೆಲ್ ತಯಾರಿಕೆಯಲ್ಲೂ ಇದೇ ಜಗ್ಗಾಟ: ಎಲೆಕ್ಟ್ರೋಡ್, ಅಂದರೆ ಅಯಾನುಗಳು ಕೂರುವ ಪದರ, ದಪ್ಪವಾದಷ್ಟೂ ಹೆಚ್ಚು ವಿದ್ಯುತ್ ಹಿಡಿಯುತ್ತದೆ, ಬೇಗ ತುಂಬಿಸುವುದು ಕಷ್ಟವಾಗುತ್ತದೆ.

ಆದರೆ ಊರೊಳಗಷ್ಟೇ ಓಡಾಡುವವರಿಗೆ ನನ್ನ ಸಲಹೆ ಬೇರೆ. ದೊಡ್ಡ ಬ್ಯಾಟರಿಯ ಬೆಲೆಯನ್ನೂ ತೂಕವನ್ನೂ ಸುಮ್ಮನೆ ಹೊರಬೇಡಿ, 24 ಯೂನಿಟ್‌ನ ಟಿಯಾಗೊ ಇವಿ ಧಾರಾಳ ಸಾಕು.

ನಾನು ವೇಗಕ್ಕೆ ಖರ್ಚು ಮಾಡಿ ಎನ್ನುವುದು ಮನೆಯ ಚಾರ್ಜರ್‌ಗೆ ಮಾತ್ರ. ಮ್ಯಾಕ್ಸ್‌ಗೆ 3.3 ಕಿಲೋವ್ಯಾಟ್ ಚಾರ್ಜರ್ ಸಾಲದು. ಖಾಲಿಯಾದ ಬ್ಯಾಟರಿ ಇಡೀ ರಾತ್ರಿ ಹಾಕಿಟ್ಟರೂ ಬೆಳಿಗ್ಗೆಗೆ ತುಂಬಿರುವುದಿಲ್ಲ. 2022ರಲ್ಲಿ ₹50,000 ಹೆಚ್ಚಿಗೆ ಕೇಳುತ್ತಿದ್ದ 7.2 ಕಿಲೋವ್ಯಾಟ್ ಚಾರ್ಜರ್ ಆರೂವರೆ ಗಂಟೆಯಲ್ಲಿ ಕೆಲಸ ಮುಗಿಸುತ್ತದೆ. ಹೊರಗಿನ ವೇಗದ ಚಾರ್ಜಿಂಗ್‌ಗೆ ಮನೆಯ ದರದ ಎರಡು-ಮೂರು ಪಟ್ಟು ತೆರಬೇಕಾಗುವುದರಿಂದ ಆ ಹಣ ಮರಳಿ ಬರುತ್ತದೆ. ಇದಕ್ಕೆ ಮನೆಯ ಮಂಜೂರಾದ ಲೋಡ್ (ಒಮ್ಮೆಲೇ ಎಳೆಯಲು ಅನುಮತಿ ಇರುವ ವಿದ್ಯುತ್) ಹೆಚ್ಚಿಸಿಕೊಳ್ಳಬೇಕಾಗಬಹುದು. ಕಾರು ಬುಕ್ ಮಾಡಿದ ದಿನವೇ ಬೆಸ್ಕಾಂಗೆ ಅರ್ಜಿ ಹಾಕಿಬಿಡಿ.