ಸಿಸಿಎನ್‌ಎಗೆ ಕ್ಲಾಸಾ, ಯೂಟ್ಯೂಬಾ, ಪುಸ್ತಕನಾ, ಲ್ಯಾಬಾ? ನಾಲ್ಕೂ ಮಾಡಿ ನೋಡಿದ್ದು
ಸಿಸಿಎನ್‌ಎ, ಅಂದ್ರೆ ಸಿಸ್ಕೋ ಕಂಪೆನಿಯ ನೆಟ್‌ವರ್ಕಿಂಗ್ ಪರೀಕ್ಷೆ, ಪಾಸಾದ ಸುದ್ದಿ ಆಫೀಸಲ್ಲಿ ಗೊತ್ತಾದದ್ದೇ ಎಲ್ಲರದ್ದೂ ಒಂದೇ ಪ್ರಶ್ನೆ, ಎಂತ ಮಾರಾಯ ಕ್ಲಾಸಿಗೆ ಹೋದದ್ದಾ, ಮನೇಲೇ ಓದಿದ್ದಾ ಅಂತ. ನಾನು ನಾಲ್ಕಕ್ಕೂ ಕೈಹಾಕಿ ಎಂಟು ತಿಂಗಳು ಎಳೆದವ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಉಂಟು. ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ ಬರುವವ, ಓದ್ಲಿಕ್ಕೆ ಸಿಗುವ ಟೈಮೇ ಕಮ್ಮಿ, ಅದನ್ನು ತಲೆಯಲ್ಲಿಟ್ಕೊಂಡು ಓದಿ.

ಮೊದ್ಲು ಕ್ಲಾಸು. ಮಂಗಳೂರಲ್ಲೇ ಒಂದು ಕಡೆ, ಶನಿವಾರ ಭಾನುವಾರ. ನಿಜವಾದ ನೆಟ್‌ವರ್ಕ್ ಸ್ವಿಚ್ಚಿಗೆ ಕನ್ಸೋಲ್ ಕೇಬಲ್ ಹಾಕಿ ಕೂತದ್ದು, ಕೇಬಲ್ ತುದಿಗೆ ಆರ್‌ಜೆ45 ಪ್ಲಗ್ ಕ್ರಿಂಪ್ ಮಾಡಿದ್ದು ಖುಷಿಯೇ, ಸುಳ್ಳು ಹೇಳುದಿಲ್ಲ. ಆದ್ರೆ ಬ್ಯಾಚಲ್ಲಿ ಅರ್ಧ ಜನಕ್ಕೆ ಐಪಿ ಅಡ್ರೆಸ್ ಅಂದ್ರೆ ಎಂತ ಅಂತ ಗೊತ್ತಿಲ್ಲ, ಸಬ್‌ನೆಟ್ಟಿಂಗಿಗೇ (ದೊಡ್ಡ ನೆಟ್‌ವರ್ಕನ್ನು ಸಣ್ಣ ಸಣ್ಣ ಭಾಗ ಮಾಡುವ ಲೆಕ್ಕ) ಮೂರು ವಾರ ಹೋಯ್ತು. ಸರ್ ಬೋರ್ಡಲ್ಲಿ ಟೈಪ್ ಮಾಡಿದ್ದೆಲ್ಲ ಫಸ್ಟಿಗೇ ವರ್ಕ್ ಆಗ್ತದೆ, ನಾವು ನೋಡಿ ತಲೆ ಆಡಿಸುದು ಅಷ್ಟೆ. ಎರಡು ತಿಂಗಳಿಗೆ ಬಿಟ್ಟೆ.

ಮತ್ತೆ ಯೂಟ್ಯೂಬು. ಫ್ರೀಯಾಗಿ ಪೂರ್ತಿ ಕೋರ್ಸ್ ಸಿಗ್ತದೆ, ಕ್ವಾಲಿಟಿ ಕ್ಲಾಸಿಗಿಂತ ಮೇಲೆ. ಬಸ್ಸಲ್ಲಿ ಕಾಪು ಬರುವವರೆಗೆ ಚಂದ ಅರ್ಥ ಆಗ್ತದೆ, ಮುಲ್ಕಿ ದಾಟಿದ್ರೆ ನಿದ್ದೆ. ದೊಡ್ಡ ಮೋಸ ಎಂತ ಅಂದ್ರೆ ವಿಡಿಯೋ ಮುಗಿದಾಗ ಎಲ್ಲ ಬಂತು ಅಂತ ಅನ್ನಿಸ್ತದೆ, ಸಂಜೆ ಖಾಲಿ ಪೇಪರ್ ಇಟ್ಕೊಂಡ್ರೆ ಸ್ಪ್ಯಾನಿಂಗ್ ಟ್ರೀಯಲ್ಲಿ (ಸ್ವಿಚ್ಚುಗಳ ನಡುವೆ ಡಾಟಾ ಸುತ್ತು ಹೊಡೆಯದ ಹಾಗೆ ನೋಡುವ ವ್ಯವಸ್ಥೆ) ರೂಟ್ ಬ್ರಿಡ್ಜ್, ಅಂದ್ರೆ ಮುಖ್ಯ ಸ್ವಿಚ್, ಹೇಗೆ ಆಯ್ಕೆ ಆಗುದು ಅಂತ ಎರಡು ಸಾಲು ಬರೀಲಿಕ್ಕೆ ಆಗುದಿಲ್ಲ. ಬಸ್ಸಿಗೆ ವಿಡಿಯೋಗಿಂತ ಫ್ಲ್ಯಾಶ್‌ಕಾರ್ಡ್ ಆ್ಯಪ್ ಲಾಯ್ಕ. ಸೀಟ್ ಸಿಗದೆ ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು ನಿಂತ್ರೂ ಆಗ್ತದೆ. ನಾವೇ ಕೈಯಲ್ಲಿ ಹಾಕುವ ಸ್ಟ್ಯಾಟಿಕ್ ರೂಟಿಗೆ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ರೌಟರ್ ಯಾವ ದಾರಿಯನ್ನು ಹೆಚ್ಚು ನಂಬ್ಬೇಕು ಅಂತ ಹೇಳುವ ನಂಬರ್) 1, ರೌಟರುಗಳು ತಮ್ಮೊಳಗೆ ದಾರಿ ಹಂಚಿಕೊಳ್ಳುವ ಪ್ರೋಟೋಕಾಲುಗಳಲ್ಲಿ ಇಐಜಿಆರ್‌ಪಿಗೆ 90, ಒಎಸ್‌ಪಿಎಫ್‌ಗೆ 110, ರಿಪ್‌ಗೆ 120, ಇಂಥದ್ದೆಲ್ಲ ನಂಗೆ ಬಾಯಿಗೆ ಬಂದದ್ದೇ ಬಸ್ಸಲ್ಲಿ.

ಇನ್ನು ಪುಸ್ತಕ. ಸಿಸ್ಕೋದ ಆಫೀಶಿಯಲ್ ಗೈಡ್ ಎರಡು ದಪ್ಪ ವಾಲ್ಯೂಮು. ಮೊದಲಿಂದ ಕೊನೆವರೆಗೆ ಓದ್ತೇನೆ ಅಂತ ಹೊರಟ್ರೆ ಮಂಡೆ ಬಿಸಿಯೇ. ನಾನು ಡಿಕ್ಷನರಿ ಹಾಗೆ ಉಪಯೋಗಿಸಿದ್ದು, ಎಲ್ಲಿ ಸಿಕ್ಕಿಬಿದ್ದೆನೋ ಆ ಚಾಪ್ಟರ್ ಮಾತ್ರ. ಜುಲೈ ಮಳೆಗೆ ಕರೆಂಟ್ ಹೋದ ರಾತ್ರಿಗಳಿಗೆ ಅದೇ ಗತಿ.

ಲ್ಯಾಬ್ ವಿಷಯ ಬೇರೆ. ಪ್ಯಾಕೆಟ್ ಟ್ರೇಸರ್ (ಕಂಪ್ಯೂಟರಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್) ಫ್ರೀ, ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಅಕೌಂಟ್ ಮಾಡಿದ್ರೆ ಸಿಗ್ತದೆ, ನನ್ನ 4 ಜಿಬಿಯ ಹಳೇ ಲ್ಯಾಪ್‌ಟಾಪಲ್ಲೂ ಓಡಿತು. ಅದೇ ತರದ ಜಿಎನ್‌ಎಸ್3 ಕೂಡ ಹಾಕಿ ನೋಡಿದೆ, ಅದಕ್ಕೆ ಐಒಎಸ್ (ಸಿಸ್ಕೋ ರೌಟರಿನೊಳಗಿನ ಸಾಫ್ಟ್‌ವೇರ್) ಇಮೇಜ್ ಫೈಲ್ ನಾವೇ ತರ್ಬೇಕು, ಈ ಪರೀಕ್ಷೆಗೆ ಅಷ್ಟು ಗಮ್ಮತ್ತು ಬೇಡ. ಒಂದು ರಾತ್ರಿ ಮೂರು ರೌಟರ್ ಇಟ್ಟು ಒಎಸ್‌ಪಿಎಫ್ ಮಾಡ್ತಾ ಇದ್ದೆ, ಪಕ್ಕದ ರೌಟರುಗಳ ಪಟ್ಟಿ ತೋರಿಸುವ ಶೋ ಐಪಿ ಒಎಸ್‌ಪಿಎಫ್ ನೇಬರ್ ಕಮಾಂಡ್ ಕೊಟ್ರೆ ಒಂದು ಕಡೆ ಪೂರ್ತಿ ಖಾಲಿ. ಪಿಂಗ್ ಹೋಗ್ತದೆ, ಏರಿಯಾ ಎರಡೂ ಬದಿ 0, ರೌಟರುಗಳು ಒಂದಕ್ಕೊಂದು ಕಳಿಸುವ ಹಲೋದ ಟೈಮರ್ 10 ಸೆಕೆಂಡ್, ಡೆಡ್ ಟೈಮರ್ 40 ಎಲ್ಲ ಸರಿ, ಎರರ್ ಮೆಸೇಜ್ ಒಂದೂ ಇಲ್ಲ, ಒಂದೂವರೆ ಗಂಟೆ ಹೋಯ್ತು, ಅಮ್ಮ ಎರಡು ಸಲ ಊಟಕ್ಕೆ ಕರೆದು ಸಾಕಾಗಿ ಮಲಗಿದ್ರು. ಕೊನೆಗೆ ಶೋ ಐಪಿ ಪ್ರೋಟೋಕಾಲ್ಸ್ ನೋಡಿದ್ರೆ, ಲ್ಯಾನ್ ಕಡೆಗೆ ಹಾಕ್ಬೇಕಿದ್ದ ಪ್ಯಾಸಿವ್ ಇಂಟರ್‌ಫೇಸ್ ಕಮಾಂಡನ್ನು ನಾನೇ ಪಕ್ಕದ ರೌಟರಿಗೆ ಹೋಗುವ ಲಿಂಕಿಗೆ ಹಾಕಿಟ್ಟಿದ್ದೆ! ಆ ಪೋರ್ಟಿಂದ ಹಲೋ ಪ್ಯಾಕೆಟೇ ಹೊರಗೆ ಹೋಗ್ತಾ ಇರ್ಲಿಲ್ಲ, ಮತ್ತೆ ನೇಬರ್ ಎಲ್ಲಿಂದ ಬರ್ಬೇಕು. ಇದೇ ಕಮಾಂಡ್ ಕ್ಲಾಸಲ್ಲೂ ವಿಡಿಯೋದಲ್ಲೂ ನೋಡಿದ್ದೆ, ಪುಸ್ತಕದಲ್ಲಿ ಅಂಡರ್‌ಲೈನ್ ಕೂಡ ಮಾಡಿದ್ದೆ, ತಲೆಯಲ್ಲಿ ನಿಂತದ್ದು ಆ ರಾತ್ರಿಯ ಮೇಲೆ. ಅಲ್ಲಿಂದ ನಂದು ಒಂದೇ ಕ್ರಮ, ಲ್ಯಾಬ್ ಸರಿ ಮಾಡಿ ಸೇವ್ ಮಾಡುದು, ಬೇಕಂತಲೇ ಎರಡು ಕಡೆ ಹಾಳು ಮಾಡುದು, ಎರಡು ದಿನ ಬಿಟ್ಟು ಎಲ್ಲಿ ಹಾಳು ಮಾಡಿದ್ದು ಅಂತ ಮರೆತ ಮೇಲೆ ಹುಡುಕುದು.

ಸಬ್‌ನೆಟ್ಟಿಂಗಿಗೆ ಮಾತ್ರ ಲ್ಯಾಬೂ ಬೇಡ, ಪೆನ್ನು ಪೇಪರ್ ಸಾಕು. 192.168.10.77/27 ಅಂದ ಕೂಡ್ಲೆ ನೆಟ್‌ವರ್ಕ್ (ಆ ಭಾಗದ ಮೊದಲ ಅಡ್ರೆಸ್) 64, ಬ್ರಾಡ್‌ಕಾಸ್ಟ್ (ಕೊನೆಯದ್ದು) 95 ಅಂತ ಬರ್ಬೇಕು, ದಿನಾ ಚಾಯ್ ಕುಡಿವಾಗ ಹತ್ತು ಲೆಕ್ಕ.

ಡಂಪ್ಸ್ (ಪರೀಕ್ಷೆಯಿಂದ ಕದ್ದು ಹಂಚುವ ಪ್ರಶ್ನೆ-ಉತ್ತರ) ಕೂಡ ಒಬ್ಬ ದೋಸ್ತಿ ಕಳಿಸಿದ್ದ. ಹತ್ತು ಪ್ರಶ್ನೆ ನೋಡಿದ್ರಲ್ಲಿ ಎರಡಕ್ಕೆ ಉತ್ತರವೇ ತಪ್ಪು, ಸಿಸ್ಕೋ ನಿಯಮಕ್ಕೂ ವಿರುದ್ಧ, ಡಿಲೀಟ್ ಮಾಡಿದೆ.

ಪರೀಕ್ಷೆ 120 ನಿಮಿಷ, ಫೀಸ್ 300 ಡಾಲರ್, ಟ್ಯಾಕ್ಸ್ ಬೇರೆ. ಒಂದು ಪ್ರಶ್ನೆ ದಾಟಿದ್ರೆ ವಾಪಸ್ ಹೋಗ್ಲಿಕ್ಕಿಲ್ಲ, ನಡುವಲ್ಲಿ ಕಾನ್ಫಿಗರ್ ಮಾಡುವ ಲ್ಯಾಬ್ ಕೂಡ ಬರ್ತದೆ, ಅಲ್ಲಿ ವಿಡಿಯೋ ನೋಡಿದ್ದು ಉಪಯೋಗಕ್ಕೆ ಬರುದಿಲ್ಲ, ಬೆರಳಿಗೆ ಕಮಾಂಡ್ ಗೊತ್ತಿರ್ಬೇಕು. ಹಾಗಾಗಿ ಈಗ ಕೇಳಿದವರಿಗೆ ನಾನು ಹೇಳುದು ಟೈಮಲ್ಲಿ ಅರ್ಧ ಲ್ಯಾಬಿಗೆ ಕೊಡಿ, ಬಸ್ಸಲ್ಲಿ ಕಾರ್ಡು, ಸಿಕ್ಕಿಬಿದ್ದಲ್ಲಿ ಪುಸ್ತಕ ಅಂತ. ಕ್ಲಾಸು ಒಬ್ಬನೇ ಕೂತ್ರೆ ಓದ್ಲಿಕ್ಕಾಗದವರಿಗೆ ಓಕೆ. ನಂಗಂತೂ ಅಲ್ಲಿಂದ ಎರಡನೇ ಕಂತು ಕೇಳಿ ಇನ್ನೂ ಫೋನ್ ಬರ್ತಾ ಉಂಟು.