ಜಿಮ್ನಿಗೆ 2 ಇಂಚು ಲಿಫ್ಟ್: ಸ್ಪೇಸರ್ ಸಾಕಾ, ಸ್ಪ್ರಿಂಗ್ ಕಿಟ್ ಬೇಕಾ?

ಮೊದಲೇ ಒಂದು ಮಾತು. ಲಿಫ್ಟ್ ಮಾಡಿದರೆ, ಅಂದರೆ ಸಸ್ಪೆನ್ಷನ್ ಎತ್ತರಿಸಿದರೆ, ಬಾಡಿ ಮತ್ತು ಚಾಸಿ ಮೇಲೇಳುತ್ತವೆ, ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿರುವ ಗೇರ್‌ಗಳ ಗೂಡು) ಇದ್ದಲ್ಲೇ ಇರುತ್ತದೆ. ಅದು ಏರಬೇಕಾದರೆ ದೊಡ್ಡ ಟೈರೇ ಬೇಕು.

ಸ್ಪೇಸರ್ ಅಗ್ಗ. ಹಳೆಯ ಸ್ಪ್ರಿಂಗ್ ಹಾಗೇ ಉಳಿಯುತ್ತದೆ, ಅದರ ಮೇಲೊಂದು ತುಂಡು ಕೂರುತ್ತದೆ ಅಷ್ಟೆ. ಆದರೆ ಹಳೆಯ ಶಾಕ್ ಅಬ್ಸಾರ್ಬರ್ ಆಗಲೇ 2 ಇಂಚಿನಷ್ಟು ಎಳೆದುಕೊಂಡಿರುತ್ತದೆ. ಗುಂಡಿಗೆ ಚಕ್ರ ಇಳಿಯಬೇಕಾದಾಗ ಇಳಿಯಲು ಜಾಗ ಕಡಿಮೆ. ಸಕಲೇಶಪುರದ ತೋಟದ ದಾರಿಯಲ್ಲಿ ಬೇಕಾಗುವುದೇ ಆ ಇಳಿತ ಅಲ್ವಾ? ಉದ್ದ ಶಾಕ್ ಇರುವ ಸ್ಪ್ರಿಂಗ್ ಕಿಟ್ ದುಬಾರಿ, ಆದರೂ ನನ್ನ ಆಯ್ಕೆ ಅದೇ. ನೋಟಕ್ಕೆ ಮಾತ್ರ ಎತ್ತರ ಬೇಕಿದ್ದರೆ ಸುಮ್ನೆ ಜಾಸ್ತಿ ಖರ್ಚು ಬೇಡ.

ಎರಡರಲ್ಲೂ ಒಂದು ತೊಂದರೆ ಇದೆ. ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಜೋಡಿಸುವ ಪ್ಯಾನಾರ್ಡ್ ರಾಡ್ ಅದನ್ನು ಸ್ವಲ್ಪ ಪಕ್ಕಕ್ಕೆ ಎಳೆಯುತ್ತದೆ. ಮುಂದೆ ಕ್ಯಾಸ್ಟರ್ (ಸ್ಟೀರಿಂಗನ್ನು ನೇರ ಹಿಡಿದಿಡುವ ಓರೆ ಕೋನ) ಕಡಿಮೆಯಾಗಿ ಹೈವೇಯಲ್ಲಿ ಸ್ಟೀರಿಂಗ್ ಅಲೆದಾಡುತ್ತದೆ. ಅಡ್ಜಸ್ಟ್ ಆಗುವ ಪ್ಯಾನಾರ್ಡ್ ರಾಡ್, ಕ್ಯಾಸ್ಟರ್ ಸರಿಪಡಿಸುವ ಬುಷ್ (ಕೀಲಿಗೆ ಹಾಕುವ ರಬ್ಬರಿನಂಥ ಬಳೆ) ಹಾಕಿಸಿ. ಬ್ರೇಕ್ ಹೋಸ್ ಎಳೆದಂತೆ ಬಿಗಿದುಕೊಂಡಿದೆಯೇ ನೋಡಿ.

ಬುಷ್‌ನ ಬೋಲ್ಟ್‌ಗಳನ್ನು ಗಾಡಿ ಚಕ್ರದ ಮೇಲೆ ನಿಂತಾಗಲೇ ಕೊನೆಯದಾಗಿ ಬಿಗಿಸಬೇಕು. ಜ್ಯಾಕ್ ಮೇಲೆ ಬಿಗಿಸಿದರೆ ಬುಷ್ ಬೇಗ ಹರಿಯುತ್ತದೆ. ಸುಮಾರು 500 ಕಿ.ಮೀ. ಆದ ಮೇಲೆ ಟಾರ್ಕ್ ರೆಂಚ್‌ನಿಂದ ಮತ್ತೆ ನೋಡಿ. ಅಲೈನ್‌ಮೆಂಟ್ ಕಡ್ಡಾಯ. ಕೆಸರಿನ ಟ್ರಿಪ್ ಮುಗಿದಾಗೆಲ್ಲ ಶಾಕ್‌ನಲ್ಲಿ ಎಣ್ಣೆ ಒಸರಿದೆಯೇ ಎಂದು ತೊಳೆದು ಪರೀಕ್ಷಿಸಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡುಗಳಿಗೆ ಮಿತಿ ಹಾಕುತ್ತದೆ. ದುಡ್ಡು ಕೊಡುವ ಮುಂಚೆ ಆರ್‌ಟಿಓದಲ್ಲಿ, ಇನ್ಶೂರೆನ್ಸ್‌ನವರಲ್ಲಿ ಕೇಳಿ.